ಹಾರಿಹೋದ ಜಿಮ್ಮ

ನಾನು ಜಿಮ್ಮ. ಅರ್ಧ ಹಕ್ಕಿ, ಅರ್ಧ ಅಳಿಲು, ಒಳಗೆಲ್ಲ ಬರೀ ಸ್ಪಂಜು. ಮಕ್ಕಳ ಸಿನಿಮಾವೊಂದರ ಮಾಯಾಜೀವಿಯಾಗಿ ಕೆಂಗೇರಿಯಾಚೆಯ ತಗಡಿನ ಶೆಡ್ಡೊಂದರಲ್ಲಿ ಹುಟ್ಟಿದೆ. ಕಲಾನಿರ್ದೇಶಕ ಶಿವಲಿಂಗಯ್ಯನವರು ಸ್ಪಂಜು ಕೆತ್ತಿ, ರಬ್ಬರಿನ ಚರ್ಮ ಹೊದಿಸಿ, ಕೋಳಿಪುಕ್ಕಕ್ಕೆ ನೀಲಿ ಬಣ್ಣ ಹಚ್ಚಿ ಮೈತುಂಬ ಅಂಟಿಸಿದರು. ಕಣ್ಣಿಗೆ ಗಾಜಿನ ಗೋಲಿ ಇಟ್ಟರು. ಬೆನ್ನಿನ ತಂತಿ ಎಳೆದರೆ ರೆಪ್ಪೆ ಮುಚ್ಚುತ್ತಿತ್ತು, ರೆಕ್ಕೆ ಬಡಿಯುತ್ತಿತ್ತು. ಸುಳ್ಳೇಕೆ ಹೇಳಲಿ, ನೋಡಲು ಚೆನ್ನಾಗಿಯೇ ಇದ್ದೆ.

ಕಥೆಯಲ್ಲಿ ಒಬ್ಬ ದುಷ್ಟ ಸರ್ಕಸ್ ಮಾಲೀಕ ನನ್ನನ್ನು ಕಬ್ಬಿಣದ ಪಂಜರದಲ್ಲಿ ಕೂಡಿಹಾಕುತ್ತಾನೆ. ಪುಟ್ಟ ಹುಡುಗಿಯೊಬ್ಬಳು ನನ್ನ ಸ್ನೇಹ ಬೆಳೆಸಿ, ಕೊನೆಯಲ್ಲಿ ಬಾಗಿಲು ತೆರೆದು ಹಾರಲು ಬಿಡುತ್ತಾಳೆ. ಶೂಟಿಂಗಿನ ಅವಸರ ನೋಡಿ, ಮೊದಲು ನನ್ನನ್ನು ಹಲಗೆಯ ಮೇಲೆ ನಿಲ್ಲಿಸಿದರು. ಆಮೇಲೆ ಸುತ್ತಲೂ ಸರಳು ನೆಟ್ಟು ವೆಲ್ಡಿಂಗ್ ಮಾಡಿದರು. ಚಂದದ ಕಮಾನಿನ ಬಾಗಿಲನ್ನೂ ಇಟ್ಟರು. ಆ ಬಾಗಿಲಲ್ಲಿ ನಾನು ತೂರುತ್ತೇನೆಯೇ ಎಂದು ಮಾತ್ರ ಯಾರೂ ಅಳೆಯಲಿಲ್ಲ. ಬುದ್ಧಿವಂತರೇ ತುಂಬಿದ್ದ ಜಾಗ ಅದು!

ಹುಡುಗಿಯ ಪಾತ್ರ ಮಾಡಿದವಳು ಐಸಿರಿ. ಹಾಲುಹಲ್ಲು ಬಿದ್ದು ಬಾಯಲ್ಲಿ ಕಿಟಕಿ ಮಾಡಿಕೊಂಡಿದ್ದಳು. ಊಟದ ಬಿಡುವಿನಲ್ಲಿ ಎಲ್ಲರೂ ಅತ್ತ ಹೋದರೆ ಇವಳು ಇತ್ತ ಬಂದು, ಸರಳುಗಳ ನಡುವೆ ಕಡಲೆಚಿಕ್ಕಿ ತೂರಿಸಿ ನನ್ನ ಕೊಕ್ಕಿಗೆ ಒತ್ತುತ್ತಿದ್ದಳು. ಅದರ ಅಂಟು ಇನ್ನೂ ಇದೆ.

"ಕೊನೇ ದಿನ ನಾನೇ ಬಾಗ್ಲು ತೆಗಿತೀನಿ ಕಣೋ. ಅಲ್ಲೀವರೆಗೂ ಸುಮ್ನಿರು" ಎನ್ನುತ್ತಿದ್ದಳು.

ನಾನು ನಂಬಿ ಕಾದೆ. ಬೇರೇನು ಮಾಡಲಿ?

ಕೊನೆಯ ದಿನ ಬಂತು. ಐಸಿರಿ ಬಾಗಿಲು ತೆರೆದಳು. ಮರೆಯಲ್ಲಿದ್ದವರು ಹಗ್ಗ ಹಿಡಿದು ನನ್ನನ್ನು ಮುಂದಕ್ಕೆ ಎಳೆದರು. ತಲೆ ಬಂತು, ರೆಕ್ಕೆ ಬರಲಿಲ್ಲ. ಓರೆ ಮಾಡಿ ಎಳೆದರೆ ಬಾಲ ಸಿಕ್ಕಿಹಾಕಿಕೊಂಡಿತು. ಶಿವಲಿಂಗಯ್ಯ ಹಣೆ ಚಚ್ಚಿಕೊಂಡರು.

"ರೆಕ್ಕೆ ಕತ್ತರಿಸಿದ್ರೆ ಬರುತ್ತೆ ಸಾರ್. ಸ್ಪಂಜು ತಾನೆ?" ಎಂದ ಯಾರೋ ಪುಣ್ಯಾತ್ಮ.

ಐಸಿರಿ ಪಂಜರವನ್ನು ತಬ್ಬಿಕೊಂಡು ಕಿರುಚಿದ ಕಿರುಚಾಟಕ್ಕೆ ಅವನು ಹಿಂದೆ ಸರಿದ. ಸರಳು ಕತ್ತರಿಸೋಣವೆಂದರೆ ವೆಲ್ಡರ್ ಊರಿಗೆ ಹೋಗಿದ್ದ. ಬಿಸಿಲು ಇಳಿಯುತ್ತಿತ್ತು. ನಿರ್ಮಾಪಕರು ಆಕಾಶ ನೋಡಿ, "ಬಿಡ್ರೀ, ಕಂಪ್ಯೂಟರಲ್ಲಿ ಹಾರಿಸೋಣ. ಕುಂಬಳಕಾಯಿ ತನ್ನಿ" ಎಂದರು.

ಸಿನಿಮಾದವರ ಪದ್ಧತಿ ಅದು. ಕುಂಬಳಕಾಯಿ ಒಡೆದರೆ ಶೂಟಿಂಗ್ ಮುಗಿಯಿತೆಂದು ಅರ್ಥ. ಆಮೇಲೆ ಇನ್ನೊಂದು ಶಾಟ್ ಎಂದು ಬಾಯಿಬಿಟ್ಟರೆ ಅಪಶಕುನ. ಕರ್ಪೂರ ಉರಿಯಿತು, ಕಾಯಿ ಒಡೆಯಿತು, ಕುಂಕುಮ ಮೆತ್ತಿದ ಹೋಳುಗಳು ನನ್ನ ಕಾಲಬಳಿಯವರೆಗೂ ಸಿಡಿದವು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಅಂಕಲ್, ಜಿಮ್ಮ ಇನ್ನೂ ಒಳಗೇ ಇದಾನೆ!" ಐಸಿರಿ ಒಬ್ಬಳೇ ಕೂಗುತ್ತಿದ್ದಳು.

"ನಾಳೆ ತೆಗಿತೀವಿ ಪುಟ್ಟಾ" ಎಂದರು ಶಿವಲಿಂಗಯ್ಯ.

ಮರುದಿನ ಲಾರಿ ಬಂತು. ಪಂಜರ ಸಮೇತ ನನ್ನನ್ನು ಸಿನಿಮಾ ಸಾಮಾನು ಬಾಡಿಗೆಗೆ ಕೊಡುವ ಜಬ್ಬಾರ್ ಸಾಹೇಬರ ಗೋಡೌನಿಗೆ ತಂದು ಬಿಸಾಕಿದರು. ಒಂದು ಪಕ್ಕದಲ್ಲಿ ರಟ್ಟಿನ ಸಿಂಹಾಸನ, ಇನ್ನೊಂದು ಪಕ್ಕದಲ್ಲಿ ಮೂಗು ಮುರಿದ ರಾಕ್ಷಸ. ವರ್ಷಗಳು ಕಳೆದವು. ಇಲಿಗಳು ಸರಳುಗಳ ನಡುವೆ ಸಲೀಸಾಗಿ ಬಂದು ಹೋಗುವುದನ್ನು ನೋಡುತ್ತ ನನಗೆ ಅಳು ಬರುತ್ತಿತ್ತು.

ಹಬ್ಬ ಬಂತೆಂದರೆ ಸಾಹೇಬರ ಟೀವಿಯಲ್ಲಿ ನಮ್ಮ ಸಿನಿಮಾ ಬರುತ್ತಿತ್ತು. ಅದರಲ್ಲಿ ಪಂಜರದ ಬಾಗಿಲು ತೆರೆಯುತ್ತಿತ್ತು, ಕಂಪ್ಯೂಟರಿನ ಜಿಮ್ಮ ಬೆಟ್ಟಗಳ ಮೇಲೆ ಹಾರುತ್ತಿದ್ದ. ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಆಗಾಗ ನನ್ನನ್ನು ಮಾಲ್‌ಗಳಿಗೂ ಶಾಲಾ ವಾರ್ಷಿಕೋತ್ಸವಗಳಿಗೂ ಬಾಡಿಗೆಗೆ ಒಯ್ಯುತ್ತಿದ್ದರು. ಮಕ್ಕಳು ಓಡಿಬಂದು ನೋಡಿ ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದರು.

"ಇದು ಜಿಮ್ಮ ಅಲ್ಲ. ಜಿಮ್ಮ ಹಾರಿಹೋದ."

"ಹೂಂ ಕಂದ, ಇದು ಬರೀ ಬೊಂಬೆ" ಎನ್ನುತ್ತಿದ್ದರು ತಾಯಂದಿರು.

ಪಂಜರದಲ್ಲಿ ಇದ್ದದ್ದಕ್ಕಿಂತ ಇದೇ ನನಗೆ ಹೆಚ್ಚು ನೋವು. ನಾನು ಇಲ್ಲಿ ಸಿಕ್ಕಿಬಿದ್ದಿದ್ದೇನೆಂದು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಧಾರಾವಾಹಿಯೊಂದಕ್ಕೆ ಖಾಲಿ ಪಂಜರ ಬೇಕೆಂದು ಕನ್ನಡಕದ ಹುಡುಗಿಯೊಬ್ಬಳು ಬಂದಳು. ಸಾಹೇಬರು ಪಂಜರದ ಮೇಲಿನ ಟಾರ್ಪಾಲು ಸರಿಸಿ ಚಾಕು ತೆಗೆದರು. "ಒಳಗಿರೋದನ್ನ ಕೊಯ್ದು ಹಾಕಿದ್ರೆ ಪಂಜರ ಖಾಲಿ ಮೇಡಂ. ಹಳೇ ಸ್ಪಂಜು, ಎಷ್ಟೊತ್ತಿನ ಕೆಲಸ?"

ಚಾಕು ನನ್ನ ಕತ್ತಿಗೆ ತಾಗಿತು. ಕೈಕಾಲು ಆಡದವನಿಗೆ ಹೆದರಿಕೆ ಹೇಗಿರುತ್ತದೆಂದು ನಿಮಗೆ ಹೇಗೆ ತಿಳಿಸಲಿ!

"ಮುಟ್ಬೇಡಿ ಅದನ್ನ!"

ಆ ಕಿರುಚಾಟ ನನಗೆ ಗೊತ್ತು. ಅವಳು ಸರಳುಗಳ ನಡುವೆ ಕೈ ತೂರಿಸಿ ನನ್ನ ಕಣ್ಣಿನ ಧೂಳು ಒರೆಸಿದಳು. ಕೊಕ್ಕಿನ ಚಿಕ್ಕಿಯಂಟು ಅವಳ ಬೆರಳಿಗೆ ತಾಗಿತು. "ಇನ್ನೂ ಇಲ್ಲೇ ಇದೀಯೇನೋ? ನಾನು ದೊಡ್ಡೋಳಾದೆ, ಅವರು ತೆಗೆದಿರ್ತಾರೆ ಅಂದ್ಕೊಂಡ್ಬಿಟ್ಟಿದ್ದೆ ಕಣೋ."

ಐಸಿರಿ ವೆಲ್ಡರನ್ನು ಕರೆಸಿದಳು.

"ಸ್ಪಂಜು ಉಳ್ಸೋಕೆ ಕಬ್ಬಿಣ ಕೊಯ್ಸೋರನ್ನ ಇವತ್ತೇ ನೋಡಿದ್ದು" ಎಂದು ಸಾಹೇಬರು ಗೊಣಗಿದರು. ಆದರೂ ನನ್ನನ್ನು ಎತ್ತುವಾಗ ತಾವೂ ಕೈ ಹಾಕಿದರು. ಅರ್ಧ ಪುಕ್ಕ ಉದುರಿತು, ಎಡರೆಕ್ಕೆ ಜೋತುಬಿತ್ತು. ನಾನು ಹೊರಗೆ ಬಂದಿದ್ದೆ! ಸರಳುಗಳನ್ನು ಮತ್ತೆ ಬೆಸೆದ ಮೇಲೆ ಆ ಪಂಜರವನ್ನು ಮೊದಲ ಸಲ ಹೊರಗಿನಿಂದ ನೋಡಿದೆ. ಇಷ್ಟು ಚಿಕ್ಕದಿತ್ತೇ ಎನಿಸಿತು.

ಐಸಿರಿಯ ಮನೆಗೆ ಒಯ್ಯಲು ನನ್ನನ್ನು ಗೂಡ್ಸ್ ಆಟೋದಲ್ಲಿ ನಿಲ್ಲಿಸಿ ಹಗ್ಗ ಬಿಗಿದರು. ರಸ್ತೆಯ ಗಾಳಿಗೆ ಬಲರೆಕ್ಕೆ ತಾನಾಗಿ ಬಿಚ್ಚಿಕೊಂಡಿತು. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಒಂದು ಸ್ಕೂಟರ್ ನಿಂತಿತು. ಅಪ್ಪನ ಮುಂದೆ ನಿಂತಿದ್ದ ಪುಟ್ಟ ಹುಡುಗಿ ನನ್ನನ್ನು ನೋಡಿ ಬಾಯಿ ತೆರೆದಳು.

"ಅಪ್ಪಾ, ಜಿಮ್ಮ! ಹಾರಿಹೋಗಿದ್ನಲ್ಲ, ವಾಪಸ್ ಬಂದ!"

ಆಟೋ ಗಕ್ಕನೆ ಹೊರಟಿತು. ಆ ಕುಲುಕಾಟಕ್ಕೆ ತುಕ್ಕುಹಿಡಿದ ತಂತಿ ಸರಿದು ನನ್ನ ಒಂದು ರೆಪ್ಪೆ ಮುಚ್ಚಿ ತೆರೆಯಿತು. ಅವಳು ಕೈಬೀಸಿದಳು.

ಈಗ ಐಸಿರಿಯ ಮನೆಯ ಹಜಾರದ ಮೂಲೆಯಲ್ಲಿದ್ದೇನೆ. ಹಬ್ಬ ಬಂದರೆ ಟೀವಿಯಲ್ಲಿ ಅವನು ಈಗಲೂ ಹಾರುತ್ತಾನೆ. ನನಗೆ ಮೊದಲಿನ ಹೊಟ್ಟೆಕಿಚ್ಚಿಲ್ಲ. ಹಾರಿಹೋದವನು ಅವನಾದರೂ, ವಾಪಸ್ ಬಂದವನು ನಾನು.