ಬಾಗಿಲಲ್ಲಿ ಮೂವರು

ಮೈಕಿಗೆ ಬೆಳಿಗ್ಗೆ ಯಾರೋ ಮಾತಾಡಿ ಹೋದವರ ಬಾಯಿಯ ಲವಂಗದ ವಾಸನೆ, ದೂರ ತಳ್ಳಿದರೆ ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ, ಹತ್ತಿರ ಎಳೆದರೆ ಲವಂಗ, ಅವಳು ಹತ್ತಿರವೇ ಎಳೆದುಕೊಂಡಳು, ವಾಸನೆ ಬಂತು ಅಷ್ಟೆ, ಅದರಿಂದ ಏನೂ ಆಗಲಿಲ್ಲ, ಈಚೆಗೆ ಯಾವುದರಿಂದಲೂ ಏನೂ ಆಗುತ್ತಿಲ್ಲ, ಅಡುಗೆಗೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಂದು ಮುಗಿಸಿದ ಮೇಲೂ ತಿಳಿಯುವುದಿಲ್ಲ — ಬಾಯಿ ಮಾತ್ರ ತಿರುಗಿಸಿ ಬಿಟ್ಟ ನಲ್ಲಿಯ ಹಾಗೆ ಸುರಿಯುತ್ತಿದೆ, ಮಾನ್ಯ ಪರೀಕ್ಷಕರೇ, ನನ್ನ ಪ್ರಬಂಧದ ವಿಷಯ ಒಂದಕ್ಕೊಂದು ಕಾಯುವ ಯಂತ್ರಗಳು, ಎಷ್ಟು ಸಲ ಕನ್ನಡಿಯ ಮುಂದೆ ಒಪ್ಪಿಸಿದ್ದಾಳೆಂದರೆ ಇದಕ್ಕೆ ಅವಳು ಬೇಕಾಗಿಯೇ ಇಲ್ಲ, ಬಾಯಿಯನ್ನು ಇಲ್ಲೇ ಬಿಟ್ಟು ಹೊರಗೆ ಹೋಗಿ ಬಿಸಿಲಿಗೆ ನಿಲ್ಲಬಹುದು. ಹೊರಗಿನ ಪರೀಕ್ಷಕಿ ಕನ್ನಡಕವನ್ನು ಹಣೆಗೇರಿಸಿ ಪುಟ ತಿರುವುತ್ತಿದ್ದಾರೆ, ವಿಭಾಗದ ಮುಖ್ಯಸ್ಥರು ಮೇಜಿನ ಕೆಳಗೆ ಫೋನು ನೋಡುತ್ತಿದ್ದಾರೆ, ಅವರ ಪಕ್ಕದಲ್ಲಿ ಅವಳ ಗೈಡು, ಎಲ್ಲರಿಗೂ ಸಾರ್, ಅವಳ ಮನಸ್ಸಿಗೆ ಮಾತ್ರ ಮೇಷ್ಟ್ರು, ಹೊಸ ಶರ್ಟು, ತೋಳಿನ ಮೇಲೆ ಇಸ್ತ್ರಿಯ ಗೆರೆ. ಮೂಲೆಯಲ್ಲಿ ಸುತ್ತಿಟ್ಟ ಬ್ಯಾನರು, ಅವಳ ಪಿಎಚ್‌ಡಿ ವೈವಾ ಮುಗಿದ ಕೂಡಲೇ ಇದೇ ಸೆಮಿನಾರ್ ಹಾಲಿನಲ್ಲಿ ಮೇಷ್ಟ್ರ ನಿವೃತ್ತಿಯ ಬೀಳ್ಕೊಡುಗೆ, ಒಂದೇ ಟೀಯಲ್ಲಿ ಎರಡು ಕೆಲಸ ಆಗೋಯ್ತು ನೋಡಿ ಎಂದು ಮುಖ್ಯಸ್ಥರು ನಕ್ಕಿದ್ದರು. ಹಿಂದಿನ ಸಾಲಿನಲ್ಲಿ ಅಮ್ಮ, ಒಂದು ಪದವೂ ಅರ್ಥವಾಗದಿದ್ದರೂ ತಪ್ಪದೆ ತಲೆಯಾಡಿಸುತ್ತಿದ್ದಾಳೆ, ಅಷ್ಟು ಹೊತ್ತು ನಿಂತೇ ಮಾತಾಡ್ಬೇಕಾ, ಒಂದು ಕುರ್ಚಿ ಕೊಡಲ್ವಾ ಇವ್ರು, ಎಂದು ಬೆಳಿಗ್ಗೆ ಬೈದುಕೊಂಡಿದ್ದಳು.

ಕುರ್ಚಿ ಇಲ್ಲದ ಕೆಲಸವೇ ಅವಳಿಗೆ ಮೊದಲು ಸಿಕ್ಕಿದ್ದು, ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಕಂಪ್ಯೂಟರಿಗೆ ಮಾತ್ರೆಗಳ ಹೆಸರು ತುಂಬುವುದು, ಪರದೆ ಆಗಾಗ ಕಲ್ಲಾಗಿ ನಿಂತುಬಿಡುತ್ತಿತ್ತು, ಅಂಗಡಿಯವನು ಅದರ ನೆತ್ತಿಗೆ ಒಂದು ಬಾರಿಸುತ್ತಿದ್ದ, ಯಾಕೆ ನಿಲ್ಲುತ್ತದೆ ಎಂದು ಕೇಳಿದರೆ ಅದಕ್ಕೂ ಸುಸ್ತಾಗುತ್ತಮ್ಮ ಎನ್ನುತ್ತಿದ್ದ. ಆ ಯಾಕೆ ಬೆನ್ನು ಬಿಡಲಿಲ್ಲ, ಸಂಜೆ ಕಾಲೇಜು ಸೇರಿದಳು, ಡಿಗ್ರಿ ಆಯಿತು, ಕಂಪನಿಯೊಂದರಲ್ಲಿ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ, ನಿಂಗಿರೋದು ಕಣ್ಣಲ್ಲ ಮಾರಾಯ್ತಿ, ಭೂತಗನ್ನಡಿ, ಎಂದು ಪಕ್ಕದ ಮೇಜಿನವಳು ಹೇಳುತ್ತಿದ್ದಳು, ಆಮೇಲೆ ಒಂದು ದಿನ ಕೆಲಸ ಬಿಟ್ಟು ಸಂಶೋಧನೆಗೆ ಅರ್ಜಿ, ಈ ವಯಸ್ಸಿನಲ್ಲಾ ಎಂದು ಇಬ್ಬರು ಪ್ರೊಫೆಸರುಗಳು ಬಾಗಿಲಲ್ಲೇ ಕಳಿಸಿದರು. ಮೇಷ್ಟ್ರು ಮಾತ್ರ ವಯಸ್ಸು ಕೇಳಲಿಲ್ಲ, ಒಂದು ಒಗಟು ಕೇಳಿದರು. ಇಬ್ರು ಮರ್ಯಾದಸ್ಥರು ಬಾಗಿಲಲ್ಲಿ ಎದುರಾದ್ರು, ನೀವು ಮೊದಲು ನೀವು ಮೊದಲು ಅಂತ ನಿಂತ್ಬಿಟ್ರು, ಒಳಗೆ ಊಟ ಆರ್ತಾ ಇದೆ, ಏನ್ಮಾಡ್ತೀಯ ಹೇಳು — ಒಬ್ರನ್ನ ತಳ್ತೀನಿ ಸಾರ್ — ಮೇಷ್ಟ್ರು ಕೆಮ್ಮು ಬರುವಷ್ಟು ನಕ್ಕರು, ನಾಳೆಯಿಂದ ಬಾ ಎಂದರು. ಯಂತ್ರಗಳೂ ಹಾಗೆಯೇ ಒಂದಕ್ಕೊಂದು ಕಾಯುತ್ತಾ ನಿಂತುಹೋಗುತ್ತವೆ, ಹಾಗೆ ನಿಲ್ಲದಿರಲು ಮೇಷ್ಟ್ರು ಪ್ರಾಯದಲ್ಲೇ ಒಂದು ನಿಯಮ ಮಾಡಿದ್ದರು, ಬಾಗಿಲಿಗೆ ಇಬ್ಬರಲ್ಲ, ಎಷ್ಟು ಜನ ಬಂದರೂ ಯಾರೂ ನಿಂತುಹೋಗುವುದಿಲ್ಲ ಎಂದು ಸಾಧಿಸಿದ್ದರು, ಆ ಪ್ರಮೇಯ ಪಠ್ಯಪುಸ್ತಕ ಸೇರಿತ್ತು, ಅದರ ಮೇಲೆಯೇ ಅವಳು ತನ್ನ ಮನೆ ಕಟ್ಟಿದಳು, ರೋಗಿಯ ನರಕ್ಕೆ ಔಷಧಿ ಹನಿಸುವ ಪಂಪಿನೊಳಗೆ ಆ ನಿಯಮವನ್ನು ಕೂರಿಸುವುದು ಅವಳ ಪ್ರಬಂಧ, ಪಂಪ್ ಕಂಪನಿಯವರು ಕುರ್ಚಿ ಕಾದಿಟ್ಟಿದ್ದಾರೆ, ನಿಮ್ಮ ಡಾಕ್ಟರೇಟ್ ಕೈಗೆ ಬಂದ ತಕ್ಷಣ ಸೇರ್ಕೊಳ್ಳಿ ಮೇಡಂ, ಈ ವರ್ಷ ದಾಟಿದ್ರೆ ಮಾತ್ರ ಕಷ್ಟ.

ಚಿತ್ರಕ್ಕೆಂದು ಶುರುವಾದದ್ದು. ವೈವಾದ ಸ್ಲೈಡುಗಳ ಕೊನೆಗೊಂದು ಚೆಂದದ ನಕ್ಷೆ ಇರಲಿ ಎಂದು ಸಣ್ಣ ಸಣ್ಣ ಉದಾಹರಣೆಗಳನ್ನೆಲ್ಲ ಕಂಪ್ಯೂಟರಿಗೆ ಓಡಿಸಲು ಕೊಟ್ಟಿದ್ದಳು, ಊಟ ಮುಗಿಸಿ ಬಂದರೆ ನಿಂತಿದೆ, ತನ್ನದೇ ಎಲ್ಲೋ ಎಡವಟ್ಟಿರಬೇಕು ಎಂದು ಹುಡುಕಿದಳು, ಹುಡುಕುವುದೊಂದೇ ತಾನೆ ಅವಳಿಗೆ ಬರುವ ವಿದ್ಯೆ, ಎಡವಟ್ಟು ಅವಳದ್ದಲ್ಲ, ಪ್ರಮೇಯದ್ದು, ಬಾಗಿಲಿಗೆ ಮೂವರು ಬಂದರೆ ಸಾಕು — ಪಂಪು ಬ್ಯಾಟರಿಯ ಮೇಲೆ ಕಣ್ಣಿಟ್ಟ ಕಾವಲಿಗೆ ಕಾಯುತ್ತದೆ, ಕಾವಲು ಎಚ್ಚರಿಕೆಯ ಗಂಟೆಗೆ ಕಾಯುತ್ತದೆ, ಗಂಟೆ ಪಂಪಿಗೆ ಕಾಯುತ್ತದೆ, ಅಪರೂಪಕ್ಕೆ, ತೀರಾ ಅಪರೂಪಕ್ಕೆ, ಮೂರೂ ಒಟ್ಟಿಗೆ ಸುಮ್ಮನಾಗುತ್ತವೆ, ಹನಿ ನಿಲ್ಲುತ್ತದೆ, ಗಂಟೆ ಹೊಡೆಯುವುದಿಲ್ಲ, ಮಂಚದ ಮೇಲಿರುವವರಿಗೆ ಗೊತ್ತೂ ಆಗುವುದಿಲ್ಲ. ಹೆದರಿಕೆಯಾಗಬೇಕಿತ್ತು. ಅವಳು ಕೆಳಗೆ ಹೋಗಿ ಟೀ ಕುಡಿದು ಬಂದಳು. ಹಲ್ಲು ಕೀಳುವ ಮುನ್ನ ಇಂಜೆಕ್ಷನ್ ಕೊಟ್ಟಾಗ ಹೀಗೆಯೇ, ಎಳೆಯುವುದು ತಿಳಿಯುತ್ತದೆ, ನೋವು ಬೇರೆ ಯಾರದ್ದೋ. ಮೇಷ್ಟ್ರ ಮನೆಗೂ ಹೋದಳು, ಹೇಳಲೆಂದೇ ಹೋದಳು, ಅವರು ಬೀಳ್ಕೊಡುಗೆಯ ಭಾಷಣ ಬರೆಯುತ್ತಿದ್ದರು, ಬಾರಮ್ಮ, ಕೇಳು, ಸರಿಯಿದ್ಯಾ ನೋಡು, ನಾನು ಬಹಳ ಕೆಲಸ ಮಾಡಿದವನಲ್ಲ, ಒಂದೇ ಒಂದು ಗಟ್ಟಿ ಕೆಲಸ ಮಾಡಿದೆ, ಎಂದು ಓದಿದರು, ಅಡುಗೆಮನೆಯಿಂದ ಅವರ ಹೆಂಡತಿ, ಇದೇ ಸಾಲು ಬೆಳಿಗ್ಗೆಯಿಂದ ಓದ್ತಿದಾರೆ ಕಣಮ್ಮ, ನೀನಾದ್ರೂ ಮುಂದಿಂದು ಬರೆಸು, ಎಂದರು, ಅವಳು ಬಾಯಿ ತೆಗೆದಳು, ಸಾರ್, ಆ ಪ್ರಮೇಯದ ಸ್ಲೈಡು — ಏನು ಅನುಮಾನ, ಕೇಳು — ಏನಿಲ್ಲ ಸಾರ್, ಅಕ್ಷರ ದೊಡ್ಡದು ಮಾಡಲಾ ಅಂತ. ಮಾಡು ಮಾಡು, ಹಿಂದಿನವರಿಗೂ ಕಾಣ್ಲಿ.

ಮಾಡಿದ್ದಾಳೆ. ಗೋಡೆಯ ತುಂಬ ದೊಡ್ಡ ಅಕ್ಷರ, ಪ್ರಮೇಯ, ಕೆಳಗೆ ಮೇಷ್ಟ್ರ ಹೆಸರು, ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡರು, ಮುಖ್ಯಸ್ಥರು ಕೂಡ ಫೋನಿನಿಂದ ತಲೆಯೆತ್ತಿದರು, ಇದನ್ನು ದಾಟಿ ಮುಂದಿನ ಸ್ಲೈಡಿಗೆ ಹೋದರೆ ಮುಗಿಯಿತು, ಒಂದು ಗುಂಡಿ, ಯಾರಿಗೂ ತಿಳಿಯುವುದಿಲ್ಲ, ಕುರ್ಚಿ, ಬ್ಯಾನರು, ಟೀ — ಬಾಯಿ ನಿಂತಿದೆ, ಇಷ್ಟು ಹೊತ್ತು ತಾನಾಗಿ ಸುರಿಯುತ್ತಿದ್ದದ್ದು ಕಟ್ಟಿದೆ, ಈಗ ಅವಳೇ ಮಾತಾಡಬೇಕು. ಈ ಪ್ರಮೇಯ ನಿಜವಲ್ಲ ಎಂದಳು. ಅವಳ ದನಿ ಔಷಧಿ ಅಂಗಡಿಯಲ್ಲಿ ಈ ಮಾತ್ರೆ ಸ್ಟಾಕಿಲ್ಲ ಎನ್ನುವಾಗಿನ ದನಿ. ಬೋರ್ಡಿಗೆ ತಿರುಗಿ ಮೂರು ಚೌಕ ಬರೆದಳು, ಬಾಣ ಎಳೆದಳು, ಸೀಮೆಸುಣ್ಣ ಮುರಿಯಿತು, ಉಳಿದ ತುಂಡಿನಿಂದ ಮುಗಿಸಿದಳು. ಪರೀಕ್ಷಕಿ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿದರು, ಏನಮ್ಮ ಇದು, ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕ್ಕೊಳ್ತಿದ್ದೀರಿ, ಎಂದರು, ಬೈಗುಳದ ಹಾಗಿರಲಿಲ್ಲ. ಮೇಷ್ಟ್ರು ಹಾಳೆ ಎಳೆದುಕೊಂಡು ಪೆನ್ನು ತೆಗೆದರು, ಚೌಕ, ಬಾಣ, ಗೀಟು, ಮತ್ತೆ ಚೌಕ, ಕೂತವರೆಲ್ಲ ಕಾದರು, ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುವ ಹಾಗೆ, ಆಮೇಲೆ ಅವರು ಹಾಳೆಯಿಂದ ತಲೆಯೆತ್ತದೆ, ಸರಿಯಿದೆ, ಹುಡುಗಿ ಹೇಳ್ತಿರೋದು ಸರಿಯಿದೆ, ತಪ್ಪು ನಂದು, ಎಂದರು. ಪರೀಕ್ಷಕರು ಹೊರಗೆ ಹೋಗಿ ಮಾತಾಡಿಕೊಂಡು ಬಂದರು, ಪ್ರಬಂಧದ ಅರ್ಧ ಮತ್ತೆ ಬರೆಯಬೇಕು, ಪದವಿ ಈ ವರ್ಷ ಇಲ್ಲ, ಪಂಪ್ ಕಂಪನಿಗೆ ಇಂದೇ ಪತ್ರ ಹೋಗಬೇಕು, ಪತ್ರ ಬರೆಯಬೇಕಾದವಳು ಅವಳೇ. ಆಗಲಿ ಮೇಡಂ ಎಂದಳು, ಕೊಡಲಿ ಬಿದ್ದ ಕಾಲು ತನ್ನದೆನ್ನಿಸಲಿಲ್ಲ. ಅಮ್ಮ ಹಿಂದಿನ ಸಾಲಿನಿಂದ ಎದ್ದು ಬಂದು, ಪಾಸಾ, ಎಂದಳು. ಇಲ್ಲಮ್ಮ. ಸರಿ, ಕೂತ್ಕೋ ಮೊದಲು.

ಕೂತಳು, ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ, ಎಲ್ಲರೂ ಟೀಗೆಂದು ಹೊರಗೆ ಹೋಗಿದ್ದಾರೆ, ಜವಾನ ಏಣಿ ಹತ್ತಿ ಬ್ಯಾನರು ಕಟ್ಟುತ್ತಿದ್ದಾನೆ, ಮೇಷ್ಟ್ರ ಫೋಟೋ ತಲೆಕೆಳಗಾಗಿ ಬಿಚ್ಚಿಕೊಂಡಿತು, ಅವನು ಮತ್ತೆ ಸುತ್ತಿದ. ನಂಗೆ ಮೊದಲೇ ಹೇಳ್ಬಹುದಿತ್ತಲ್ಲಮ್ಮ. ಬಂದಿದ್ದೆ ಸಾರ್. ಮೇಷ್ಟ್ರು ನೆನಪು ಮಾಡಿಕೊಂಡರು, ಹೌದಲ್ಲ, ಬಂದಿದ್ದೆ. ಆ ಪಂಪು ಎಷ್ಟು ಕಡೆ ಓಡ್ತಿದೆ ಈಗ — ಇನ್ನೂ ಎಲ್ಲೂ ಇಲ್ಲ ಸಾರ್ — ಸದ್ಯ, ಎಂದರು, ಸದ್ಯ, ಮತ್ತೆ ಅದನ್ನೇ ಅಂದರು, ಮೇಜಿನ ಮೇಲಿನ ಪೆನ್ನಿನ ಮುಚ್ಚಳ ಎತ್ತಿಕೊಂಡು ಪೆನ್ನಿಗೆ ಹಾಕಲು ಹೋದರು, ತಪ್ಪಿತು, ಬೆರಳಿಗೆ ಶಾಯಿ, ಇನ್ನೊಮ್ಮೆ ಹಾಕಿದರು, ಪಕ್ಕಕ್ಕೆ ಜಾರಿತು, ಅವಳು ಕೈ ಚಾಚಿ ತೆಗೆದುಕೊಂಡು ಹಾಕಿಕೊಡಬೇಕು, ಅಷ್ಟೆ, ಕೈ ಮಡಿಲಲ್ಲಿದೆ, ಯಾವುದಕ್ಕೋ ಕಾಯುತ್ತಿದೆ, ಏಳುತ್ತಿಲ್ಲ, ಸೀಮೆಸುಣ್ಣದ ಪುಡಿ ಮೆತ್ತಿದ ಕೈ, ಹೊರಗೆ ಯಾರೋ ನಗುತ್ತಿದ್ದಾರೆ, ಲೋಟಗಳ ಸದ್ದು, ಮೇಷ್ಟ್ರು ಮುಚ್ಚಳವನ್ನು ಕಣ್ಣಿನ ಹತ್ತಿರ ಹಿಡಿದು ಅದರ ಬಾಯಿ ಯಾವ ಕಡೆಗಿದೆ ಎಂದು ನೋಡಿದರು, ಹಾಕಿದರು, ತಪ್ಪಿತು, ಹಾಕುತ್ತಿದ್ದಾರೆ, ಮುಚ್ಚಳ, ಪೆನ್ನಿನ ನಿಬ್ಬು, ಮುಚ್ಚಳ —