ರಾಮಮೂರ್ತಿಯವರ ಕೊನೆಯ ಮಾತು

"ದೀಪ ಹಚ್ಚೋ ಹಾಗಿಲ್ವಂತೆ," ಎಂದು ಭಾಸ್ಕರ ಬೆಂಕಿಪೊಟ್ಟಣವನ್ನು ಮತ್ತೆ ಜೇಬಿಗೆ ತುರುಕಿಕೊಂಡ. "ಹೊಗೆ ಬಂದ್ರೆ ಅಲಾರಂ ಹೊಡ್ಕೊಳ್ಳತ್ತಂತೆ. ಬ್ಯಾಟರಿ ದೀಪ ಕೊಡ್ತೀವಿ ಅಂತಿದಾರೆ."

"ಬ್ಯಾಟರಿ ದೀಪ ಇಟ್ಟು ಮನುಷ್ಯನ್ನ ಕಳಿಸೋದೇನ್ರೀ?" ಎಂದರು ಮೋಹನರಾಜ.

ಕಳಿಸಬೇಕಾಗಿದ್ದ ಮನುಷ್ಯ ರಾಮಮೂರ್ತಿ, ಗೋಡೆಯ ಬದಿಗೆ ತೆರೆದ ಪೆಟ್ಟಿಗೆಯಲ್ಲಿ ರೇಷ್ಮೆ ಪಂಚೆ ಉಟ್ಟು ಮಲಗಿದ್ದರು. ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್ ಹತ್ತಿರ ಅಂತ್ಯಕ್ರಿಯೆ ನಡೆಸುವ ಆ ಫ್ಯೂನರಲ್ ಹೋಮಿನ ಸಭಾಂಗಣ ಸಿಕ್ಕಿದ್ದು ಮಧ್ಯಾಹ್ನದವರೆಗೆ ಮಾತ್ರ. ಪುರೋಹಿತರು ಇನ್ನೂ ಫ್ರೀವೇಯಲ್ಲಿ ಸಿಕ್ಕಿಕೊಂಡಿದ್ದರು. ಬಿಳಿ ಹೂವು ಕೇಳಿದ್ದರೆ ಹೂವಿನಂಗಡಿಯವನು ಗುಲಾಬಿ ಬಣ್ಣದ್ದು ಕೊಟ್ಟು ಕಳಿಸಿದ್ದ. ತುಳಸಿ ಪಕ್ಕದ ಊರು ಮಿಸೌರಿ ಸಿಟಿಯಲ್ಲಿದ್ದ ರಾಮಮೂರ್ತಿಯವರ ಮನೆಯ ಅಡುಗೆಕಟ್ಟೆಯ ಮೇಲೆಯೇ ಉಳಿದುಬಿಟ್ಟಿತ್ತು. ಅದನ್ನು ತರಲೆಂದು ಹೋದ ಭಾಸ್ಕರ, ತುಳಸಿಯೇನೋ ತಂದ, ಗಂಗಾಜಲ ಮರೆತು ಬಂದ. ಬೆಳಗಿನಿಂದ ಕೈ ಹಾಕಿದ ಒಂದು ಕೆಲಸವೂ ನೆಟ್ಟಗೆ ಆಗಿರಲಿಲ್ಲ.

ಭಾಸ್ಕರ ರಾಮಮೂರ್ತಿಯವರ ಪಕ್ಕದ ಮನೆಯವನು. ಅದಕ್ಕಿಂತ ಹೆಚ್ಚಾಗಿ, ಶನಿವಾರ ಕೆರೆಯ ದಂಡೆಯಲ್ಲಿ ಅವರು ಕುಸಿದು ಬಿದ್ದಾಗ ಪಕ್ಕದಲ್ಲಿದ್ದವನು. ಹಾಗಾಗಿ ಒಳಗೆ ಬಂದವರೆಲ್ಲ ಮೊದಲು ಪೆಟ್ಟಿಗೆಯ ಹತ್ತಿರ ಹೋಗಿ ಕೈಮುಗಿದು, ಆಮೇಲೆ ನೇರವಾಗಿ ಇವನ ಹತ್ತಿರ ಬರುತ್ತಿದ್ದರು.

ಮೋಹನರಾಜರೂ ಹಾಗೇ ಬಂದಿದ್ದರು. ರಾಮಮೂರ್ತಿ ಪ್ಲೇನೋದಲ್ಲಿದ್ದ ಕಾಲದ ಸ್ನೇಹಿತರು ಅವರು. ಅಲ್ಲಿಯ ಕನ್ನಡ ಸಂಘದಲ್ಲಿ ಅವರಿಲ್ಲದೆ ಒಂದು ಗಣೇಶನೂ ಕೂರುತ್ತಿರಲಿಲ್ಲ. ನಸುಕಿನಲ್ಲೇ ಕಾರು ಹತ್ತಿ ಇಷ್ಟು ದೂರ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದಿದ್ದರು.

"ಕೊನೇಲಿ ಏನಾದ್ರೂ ಅಂದ್ರಾ, ಭಾಸ್ಕರ?" ಅವರು ದನಿ ತಗ್ಗಿಸಿ ಕೇಳಿದರು.

"ಅಂದ್ರು ಸಾರ್. ಆದ್ರೆ ಅದು..."

"ದೇವರ ಹೆಸರಾ?"

"ಏನಂದ್ರೆ ಸಾರ್, ಅವರು ಆ ಹೊತ್ತಲ್ಲಿ..."

ಅಷ್ಟರಲ್ಲಿ ಫೋನ್ ಬಂತು. ಪುರೋಹಿತರು ತಪ್ಪು ಎಕ್ಸಿಟ್ ತೆಗೆದುಕೊಂಡು ಯಾವುದೋ ಟೈರ್ ಅಂಗಡಿಯ ಮುಂದೆ ನಿಂತಿದ್ದರು. ಭಾಸ್ಕರ ಹೊರಗೆ ಓಡಿ ಅವರಿಗೆ ದಾರಿ ಹೇಳಿ ವಾಪಸು ಬರುವಷ್ಟರಲ್ಲಿ ಮೋಹನರಾಜರ ಸುತ್ತ ಏಳೆಂಟು ಜನ ಸೇರಿದ್ದರು.

"ರಾಮ ರಾಮ ಅಂತಾನೇ ಹೋದ್ರಂತೆ," ಎನ್ನುತ್ತಿದ್ದರು ಮೋಹನರಾಜ. "ಎಂಥಾ ಪುಣ್ಯ ನೋಡಿ. ಪಾಪ, ಭಾಸ್ಕರನಿಗೆ ಹೇಳೋದಕ್ಕೂ ಬಾಯಿ ಬರ್ತಿಲ್ಲ."

ಗುಂಪು ತಿರುಗಿ ಭಾಸ್ಕರನನ್ನು ಗೌರವದಿಂದ ನೋಡಿತು. ಅವನು ಬಾಯಿ ತೆರೆದ. ಒಬ್ಬ ಹೆಂಗಸು ಅವನ ಭುಜ ತಟ್ಟಿ, "ಬೇಡ, ಈಗ ನೆನಪು ಮಾಡ್ಕೋಬೇಡಿ," ಎಂದು ಕೈಗೆ ನೀರಿನ ಬಾಟಲು ಕೊಟ್ಟಳು.

*

ರಾಮಮೂರ್ತಿಯವರು ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದರು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಅವರ ಉದ್ಯೋಗ. ಆಫೀಸು ಬಿಟ್ಟ ಮೇಲೂ ಅದು ನಿಲ್ಲುತ್ತಿರಲಿಲ್ಲ. ಪ್ಲೇನೋದಲ್ಲಿ ಒಂದು ಕಾಂಟ್ರಾಕ್ಟ್, ಆಸ್ಟಿನ್‌ನಲ್ಲಿ ಒಂದು, ಕೊನೆಗೆ ಹ್ಯೂಸ್ಟನ್. ಎಲ್ಲಿ ಹೋದರೂ ಮ್ಯಾನೇಜರಿಗೆ ಬುದ್ಧಿಯಿಲ್ಲ, ಹೋಟೆಲಿನ ಸಾಂಬಾರಿಗೆ ಹುಳಿಯಿಲ್ಲ, ಸಂಘದ ಮೈಕು ಸರಿಯಿಲ್ಲ. ಬಡ್ತಿ ಸಿಗಲಿಲ್ಲ. ಸಿಗದಿದ್ದುದಕ್ಕೆ ಅವರಿಗೆ ಆಶ್ಚರ್ಯವೂ ಆಗಲಿಲ್ಲ.

ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ನಡೆಯಲು ಹೇಳಿದರು. ಬಡಾವಣೆಯ ಕೆರೆಯನ್ನು ಸುತ್ತು ಹಾಕುವಾಗ ಕಾಲಿನ್ ಎಂಬ ಮುದುಕ ಗಾಳ ಹಾಕಿಕೊಂಡು ಕೂತಿದ್ದು ಕಣ್ಣಿಗೆ ಬಿತ್ತು. ತೈಲ ಕಂಪನಿಯಿಂದ ನಿವೃತ್ತನಾದ ಇಂಗ್ಲೆಂಡಿನವನು. ಹಿಡಿದ ಮೀನನ್ನು ನೀರಿನಲ್ಲೇ ಇಳಿಬಿಟ್ಟ ಬಲೆಚೀಲದಲ್ಲಿ ಇಟ್ಟುಕೊಂಡು, ಕೊನೆಗೆ ತೂಕ ನೋಡಿ ಕೆರೆಗೇ ಬಿಡುತ್ತಿದ್ದ.

"ತಿನ್ನುವುದಿಲ್ಲವೇ?" ಎಂದು ಕೇಳಿದರು ರಾಮಮೂರ್ತಿ.

"ಇಲ್ಲ."

"ಮತ್ತೆ ಯಾಕೆ ಹಿಡಿಯುತ್ತೀಯಾ?"

ಕಾಲಿನ್ ಗಾಳದ ಕೋಲನ್ನು ಅವರ ಕೈಗೆ ಕೊಟ್ಟ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ರಾಮಮೂರ್ತಿ ಅಂದಿನಿಂದ ಗಾಳದವರಾದರು. ಜೊತೆಗೆ ಯಾರಾದರೂ ಇರಲಿ ಎಂದು ಭಾಸ್ಕರನನ್ನೂ ಎಳೆದುಕೊಂಡರು.

ಕಾಲಿನ್ ಆಗಾಗ ಕೆರೆಯ ದಂಡೆಯಲ್ಲಿ ಒಂದು ಸ್ನೇಹದ ಪಂದ್ಯ ಏರ್ಪಡಿಸುತ್ತಿದ್ದ. ಬಹುಮಾನವೇನಿಲ್ಲ. ಚೀಟಿ ಎತ್ತಿ ಜಾಗ ಹಂಚಿಕೊಳ್ಳುವುದು, ಸಂಜೆಯವರೆಗೆ ಕೂರುವುದು, ಯಾರ ಮೀನಿನ ತೂಕ ಹೆಚ್ಚೋ ಅವರಿಗೆ ಎಲ್ಲರೂ ಚಪ್ಪಾಳೆ ತಟ್ಟುವುದು. ಆ ಚಪ್ಪಾಳೆ ರಾಮಮೂರ್ತಿಯವರಿಗೆ ಒಂದು ಸಲವೂ ಸಿಕ್ಕಿರಲಿಲ್ಲ. ಪ್ರತಿ ಸಲ ಕೊನೆಯವರು, ಇಲ್ಲವೇ ಭಾಸ್ಕರ ಕೊನೆಯವನಾದರೆ ಅವನಿಗಿಂತ ಒಂದು ಮೇಲೆ. ಪ್ರತಿ ಸಲವೂ ಒಂದು ತಕರಾರು ಇದ್ದೇ ಇರುತ್ತಿತ್ತು. ತಕ್ಕಡಿ ಸರಿಯಿಲ್ಲ, ಅಥವಾ ಬಿಸಿಲು ತಮ್ಮ ಕಡೆಗೇ ಹೊಡೆಯುತ್ತದೆ, ಅಥವಾ ಕಾಲಿನ್ ಚೀಟಿ ಮಡಿಸುವ ರೀತಿಯಲ್ಲೇ ಏನೋ ಇದೆ.

"ಬೇಜಾರಾದ್ರೆ ಬಿಟ್ಬಿಡಿ ಸಾರ್," ಎಂದು ಭಾಸ್ಕರ ಒಮ್ಮೆ ಹೇಳಿದ್ದ.

"ಬೇಜಾರು ಅಂತ ಯಾರಯ್ಯ ಹೇಳಿದ್ದು ನಿಂಗೆ?" ಎಂದು ಅವರು ನಿಜವಾಗಿಯೂ ಅಚ್ಚರಿಪಟ್ಟಿದ್ದರು.

*

ಪುರೋಹಿತರು ಬಂದದ್ದೇ ಮಂತ್ರ ಶುರುಮಾಡಿದರು. ತಡವಾಗಿದ್ದರಿಂದ ಎಲ್ಲ ಓಡೋಡಿ ನಡೆಯಿತು. ಆಸ್ಟಿನ್‌ನಿಂದ ಬಂದಿದ್ದ ಒಬ್ಬಳೇ ಮಗಳು ಮಹತಿ ಅಪ್ಪನ ಬಾಯಿಗೆ ಅಕ್ಕಿಕಾಳು ಹಾಕಿದಳು. ಭಾಸ್ಕರ ಪೆಟ್ಟಿಗೆಯ ಹತ್ತಿರ ನಿಂತು ನೋಡಿದ. ಫ್ಯೂನರಲ್ ಹೋಮಿನವರು ಮುಖಕ್ಕೆ ಏನೇನೋ ಬಳಿದು ಹಣೆಯ ಗೆರೆಗಳನ್ನೆಲ್ಲ ಒತ್ತಿ ಸಪಾಟು ಮಾಡಿದ್ದರು. ಹುಬ್ಬು ಗಂಟಿಕ್ಕದ ರಾಮಮೂರ್ತಿಯನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

ಮಹತಿ ಮಾತಾಡಲು ಮೈಕಿನ ಕಡೆ ಹೊರಟಾಗ ಅವನು ಅಡ್ಡ ಹೋದ.

"ಮಹತಿ, ಒಂದ್ನಿಮಿಷ. ಆ ರಾಮ ರಾಮ ಅಂದ್ರು ಅಂತಾರಲ್ಲ, ಅದು..."

ಅವಳು ಅವನನ್ನು ಅಪ್ಪಿಕೊಂಡುಬಿಟ್ಟಳು. "ಥ್ಯಾಂಕ್ ಯೂ ಅಂಕಲ್. ಐ ಥಾಟ್ ಹಿ ವಾಸ್ ಇನ್ ಪೇನ್. ನಾಲ್ಕು ದಿನದಿಂದ ಅದೇ ಯೋಚನೆ ಮಾಡ್ತಿದ್ದೆ. ಈಗ ಸಮಾಧಾನ ಆಯ್ತು."

ಭಾಸ್ಕರನ ಕೈ ಅವಳ ಬೆನ್ನ ಮೇಲೆ ಹಾಗೇ ನಿಂತಿತು. ಆಮೇಲೆ ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಮಹತಿ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಮಾತಾಡಿದಳು. ತನ್ನ ಅಪ್ಪ ಶಾಂತ ಸ್ವಭಾವದವರು, ಇದ್ದುದರಲ್ಲಿ ತೃಪ್ತಿ ಕಂಡವರು, ತಾವು ಪ್ರೀತಿಸಿದ ನೀರಿನ ಪಕ್ಕದಲ್ಲಿ ದೇವರ ಹೆಸರು ಹೇಳುತ್ತಾ ಕಣ್ಣು ಮುಚ್ಚಿದರು ಎಂದಳು. ಸಭಾಂಗಣದಲ್ಲಿ ಮೂಗು ಎಳೆದುಕೊಳ್ಳುವ ಸದ್ದು. ಮುಂದಿನ ಸಾಲಿನಲ್ಲಿ ಕೂತಿದ್ದ ರಾಮಮೂರ್ತಿಯವರ ಹೆಂಡತಿ ಉಷಾರಾಣಿ ಮಾತ್ರ ತಿರುಗಿ ಭಾಸ್ಕರನನ್ನು ನೋಡಿದರು. ಅವನು ತಲೆ ತಗ್ಗಿಸಿದ.

ಮಾತು ಮುಗಿದು ಎಲ್ಲರೂ ಎದ್ದಾಗ ಕಾಲಿನ್ ಹತ್ತಿರ ಬಂದ. ಕಪ್ಪು ಸೂಟಿನಲ್ಲಿ ಬೆವರುತ್ತಿದ್ದ.

"ಅವನು ಕೊನೆಗೆ ಏನೋ ಕೂಗಿದನಲ್ಲ," ಎಂದ ತನ್ನ ಇಂಗ್ಲಿಷಿನಲ್ಲಿ. "ನಿಮ್ಮ ಭಾಷೆ ನನಗೆ ತಿಳಿಯಲಿಲ್ಲ. ಅದು ಪ್ರಾರ್ಥನೆ ಎಂದು ಆ ಹಿರಿಯರು ಈಗ ಹೇಳಿದರು. ನಾನು ಬೈಗುಳ ಎಂದುಕೊಂಡಿದ್ದೆ. ನಾಚಿಕೆಯಾಯಿತು."

ಭಾಸ್ಕರನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನಿಜ ಊಹಿಸಿದ್ದ ಒಬ್ಬನೇ ಒಬ್ಬನೂ ಕೈತಪ್ಪಿ ಹೋದ.

*

ಆ ಶನಿವಾರ ರಾಮಮೂರ್ತಿಯವರ ಚೀಟಿಗೆ ಎಂದಿನಂತೆ ಮೋರಿಯ ಪಕ್ಕದ ಜಾಗ ಬಂತು. ಅಲ್ಲಿ ಆಮೆಗಳ ಕಾಟ. ಎಡಕ್ಕೆ ಭಾಸ್ಕರ, ಬಲಕ್ಕೆ ಸ್ವಲ್ಪ ದೂರದಲ್ಲಿ ಕಾಲಿನ್. ಗಾಳಿಯಿಲ್ಲ, ಮರವಿಲ್ಲ, ನೀರು ಕಾಯಿಸಿದ ಹಾಗಿತ್ತು. ಕಾಲಿನ್ ಒಂದರ ಹಿಂದೊಂದು ಕಾರ್ಪ್ ಮೀನು ಎತ್ತಿ ಬಲೆಗೆ ಇಳಿಸುತ್ತಿದ್ದ. ರಾಮಮೂರ್ತಿಯವರ ಗಾಳದ ದಾರದಲ್ಲಿ ತೇಲುವ ಬೆಂಡು ಮುಳುಗಿದರೆ ಬರುತ್ತಿದ್ದದ್ದು ಆಮೆ. ಅದರ ಬಾಯಿಂದ ಗಾಳ ಬಿಡಿಸುವುದಕ್ಕೇ ಕಾಲು ಗಂಟೆ. ಆಮೇಲೆ ದಾರ ಸಿಕ್ಕು. ಆಮೇಲೆ ಮತ್ತೆ ಆಮೆ.

ಊಟದ ಹೊತ್ತು ಕಳೆದು ಬಿಸಿಲು ಇಳಿಮುಖವಾಗುವಾಗ ಬೆಂಡು ಒಂದೇ ಏಟಿಗೆ ಮಾಯವಾಯಿತು. ಕೋಲು ಬಿಲ್ಲಿನ ಹಾಗೆ ಬಾಗಿತು. ರಾಮಮೂರ್ತಿ ಎದ್ದು ನಿಂತರು.

"ಭಾಸ್ಕರ! ಬಂತು ಕಣಯ್ಯ! ಇದು ಮೀನೇ!"

ಎಳೆದರು, ಬಿಟ್ಟರು, ಮತ್ತೆ ಎಳೆದರು. ದಂಡೆಯುದ್ದಕ್ಕೂ ಎಲ್ಲರೂ ತಮ್ಮ ಗಾಳ ಬಿಟ್ಟು ನೋಡತೊಡಗಿದರು. ಕಾಲಿನ್ ತನ್ನ ದೊಡ್ಡ ಕೈಬಲೆ ಹಿಡಿದು ಓಡಿಬಂದು ಅವರ ಪಕ್ಕ ನಿಂತ. ರಾಮಮೂರ್ತಿಯವರ ಟೋಪಿ ಬಿದ್ದುಹೋಗಿತ್ತು, ಕನ್ನಡಕ ಜಾರಿತ್ತು, ಬಾಯಿ ಅರ್ಧ ತೆರೆದಿತ್ತು. ಅವರು ಅಷ್ಟು ಖುಷಿಯಾಗಿದ್ದುದನ್ನು ಭಾಸ್ಕರ ನೋಡಿದ್ದು ಅದೇ ಮೊದಲು. ಎಷ್ಟೋ ಹೊತ್ತಿನ ಮೇಲೆ ಕಂದು ನೀರಿನಲ್ಲಿ ಏನೋ ದೊಡ್ಡದು ಹೊರಳಿತು. ಮೇಲೆ ಬಂತು.

ಊಟದ ತಟ್ಟೆಗಿಂತ ದೊಡ್ಡದಾದ ಆಮೆ. ಕತ್ತು ಚಾಚಿ ಅವರನ್ನೇ ನೋಡಿತು.

"ಥೂ ನಿನ್ನ! ಮತ್ತೆ ಆಮೆ!" ಎಂದು ರಾಮಮೂರ್ತಿ ಕೆರೆಯೆಲ್ಲ ಕೇಳುವ ಹಾಗೆ ಕೂಗಿದರು. ಕುರ್ಚಿಯಲ್ಲಿ ಕೂತರು. ಆಮೇಲೆ ಪಕ್ಕಕ್ಕೆ ವಾಲಿ ಹುಲ್ಲಿನ ಮೇಲೆ ಬಿದ್ದರು.

ಭಾಸ್ಕರ ಅವರ ಎದೆ ಒತ್ತಿದ, ಯಾರೋ ಫೋನ್ ಮಾಡಿದರು, ಆಂಬುಲೆನ್ಸ್ ಬಂತು. ಏನೂ ಉಪಯೋಗವಾಗಲಿಲ್ಲ. ಇಷ್ಟೆಲ್ಲ ಆಗುವಾಗ ಗಾಳ ಕಚ್ಚಿಕೊಂಡ ಆಮೆ ಕೋಲನ್ನು ನೀರಿಗೆ ಎಳೆಯುತ್ತಲೇ ಇತ್ತು. ಕೊನೆಗೆ ಕಾಲಿನ್ ಹೋಗಿ ದಾರ ಕತ್ತರಿಸಿದ.

*

ಎಲ್ಲ ಮುಗಿಯಿತು. ಮಹತಿ ದಹನಯಂತ್ರದ ಗುಂಡಿ ಒತ್ತಿದಳು, ಪೆಟ್ಟಿಗೆಯ ಹಿಂದೆ ಉಕ್ಕಿನ ಬಾಗಿಲು ಮುಚ್ಚಿತು. ಜನ ಸ್ನಾನಕ್ಕೆ ಮನೆಗಳಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಉಷಾರಾಣಿ ಎದ್ದು ಬಂದರು.

"ಭಾಸ್ಕರ, ನನ್ನ ಸ್ವಲ್ಪ ಹೊರಗೆ ಕರ್ಕೊಂಡ್ಹೋಗಿ. ಒಳಗೆ ಎಸಿ ಜಾಸ್ತಿ."

ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಒಂದು ಓಕ್ ಮರವಿತ್ತು. ಅದರ ನೆರಳಿನ ಸಿಮೆಂಟು ಕಟ್ಟೆಯ ಮೇಲೆ ಅವರು ಕೂತರು. ಭಾಸ್ಕರ ನಿಂತೇ ಇದ್ದ.

"ಆ ರಾಮ ರಾಮ ಅನ್ನೋದನ್ನ ಕಟ್ಟಿದ್ದು ಯಾರು?"

"ನಾನಲ್ಲ ಉಷಕ್ಕ. ನಾನು ಬೆಳಗ್ಗೆಯಿಂದ ಹೇಳ್ಬೇಕು ಅಂತ..."

"ನೀವಲ್ಲ ಅಂತ ಗೊತ್ತು. ಈ ಮನುಷ್ಯ ದೇವರಮನೆಗೆ ಬಂದಿದ್ದೇ ಬಲ್ಬ್ ಬದಲಾಯಿಸೋದಕ್ಕೆ." ಅವರು ರಸ್ತೆಯ ಕಡೆ ನೋಡಿದರು. "ಆವತ್ತು ಬೆಳಗ್ಗೆ ಜಗಳ ಆಡ್ಕೊಂಡು ಹೋದ್ರು. ಗರಾಜ್ ಬಾಗಿಲು ದಡಾರ್ ಅಂತ ಹಾಕ್ಕೊಂಡು. ಇಲ್ಲಿ ನೋಡಿದ್ರೆ ಶಾಂತಮೂರ್ತಿ, ತೃಪ್ತರು, ರಾಮ ರಾಮ. ಯಾರನ್ನ ಕಳಿಸಿಕೊಟ್ಟೆ ಅಂತಾನೇ ಗೊತ್ತಾಗ್ತಿಲ್ಲ ನಂಗೆ. ನಿಜ ಹೇಳಿ. ಏನಂದ್ರು?"

ಭಾಸ್ಕರ ಸುತ್ತ ನೋಡಿದ. ಈ ಸಲ ಫೋನ್ ಬರಲಿಲ್ಲ.

"ಥೂ ನಿನ್ನ, ಮತ್ತೆ ಆಮೆ, ಅಂದ್ರು."

ಉಷಾರಾಣಿ ಅವನ ಮುಖವನ್ನೇ ನೋಡಿದರು. "ಆಮೆನಾ?"

"ದೊಡ್ಡ ಮೀನು ಅಂದ್ಕೊಂಡು ಎಳೆದ್ರು, ಉಷಕ್ಕ. ಬೆಳಗ್ಗೆಯಿಂದ ಬರೀ ಆಮೆನೇ ಬರ್ತಿತ್ತು. ಇದೂ ಆಮೆನೇ ಆಯ್ತು. ಅಷ್ಟೇ. ಕೂತ್ರು, ಹೋದ್ರು."

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ನನ್ನೇನಾದ್ರೂ ಬೈದ್ರಾ?"

"ಊಟದ ಹೊತ್ತಲ್ಲಿ ಬೈದ್ರು. ಬಿಸಿಬೇಳೆಬಾತಿಗೆ ಇಂಗೇ ಹಾಕಿಲ್ಲ ಇವಳು ಅಂತ."

"ಎಲ್ಲಿಂದ ಹಾಕ್ಲಿ?" ಉಷಾರಾಣಿಯವರ ದನಿ ಏರಿತು. "ಇಂಗಿನ ಡಬ್ಬೀನೇ ಎತ್ಕೊಂಡ್ಹೋಗಿ ಆ ಮೀನಿನ ಗಾಳದ ಹಿಟ್ಟಿಗೆ ಸುರ್ಕೊಂಡೋರು ಯಾರು? ವಾಸನೆಗೆ ಮೀನು ಬರತ್ತಂತೆ! ಅದಕ್ಕೇ ತಾನೇ ಬೆಳಗ್ಗೆ ಜಗಳ ಆಗಿದ್ದು!" ಉಸಿರು ತೆಗೆದುಕೊಂಡರು. "ತಿಂದ್ರಾ ಮತ್ತೆ?"

"ಪೂರ್ತಿ. ನಂಗೊಂದು ಚಮಚ ಕೊಡ್ಲಿಲ್ಲ."

ಅವರ ತುಟಿ ಅಲುಗಿತು. ಮೊದಲು ಮೂಗಿನಿಂದ ಒಂದು ಸಣ್ಣ ಸದ್ದು ಬಂತು, ಆಮೇಲೆ ಹೊಟ್ಟೆಯಿಂದ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿದರು.

"ಮೋಹನರಾಜರಿಗೆ ಹೇಳ್ಬೇಡಿ," ಎಂದರು ಸೆರಗಿನೊಳಗಿಂದಲೇ, ಮಾತು ತುಂಡು ತುಂಡಾಗಿ. "ಕೂರ್ಮಾವತಾರ... ಸಾಕ್ಷಾತ್ ವಿಷ್ಣು... ಅಂದ್ಬಿಡ್ತಾರೆ..."

ಭಾಸ್ಕರನಿಗೂ ತಡೆಯಲಾಗಲಿಲ್ಲ. ಅವನು ಮರದ ಕಡೆ ತಿರುಗಿ ನಿಂತ.

ಗಾಜಿನ ಬಾಗಿಲು ತೆರೆದುಕೊಂಡು ಮಹತಿ ಓಡಿಬಂದಳು, ಅವಳ ಹಿಂದೆ ಮೋಹನರಾಜ, ಅವರ ಹಿಂದೆ ನೀರಿನ ಬಾಟಲಿನ ಹೆಂಗಸು. ಮಹತಿ ಅಮ್ಮನ ಪಕ್ಕ ಮಂಡಿಯೂರಿ ಬೆನ್ನು ಸವರಿದಳು. "ಅಮ್ಮಾ, ಇಟ್ಸ್ ಓಕೆ. ಇಟ್ಸ್ ಓಕೆ."

"ಅಳಲಿ ಬಿಡಮ್ಮ," ಎಂದರು ಮೋಹನರಾಜ, ತಾವೂ ಕಣ್ಣೊರೆಸಿಕೊಳ್ಳುತ್ತಾ. "ತಡೀಬೇಡ. ಮನಸ್ಸು ಹಗುರಾಗ್ಲಿ."

ಉಷಾರಾಣಿ ಮುಖವನ್ನು ಪೂರ್ತಿ ಸೆರಗಿನಲ್ಲಿ ಹುದುಗಿಸಿಕೊಂಡು ಮೊಣಕಾಲಿನ ಮೇಲೆ ಬಾಗಿದ್ದರು. ಭುಜಗಳು ಇನ್ನೂ ಕುಲುಕುತ್ತಲೇ ಇದ್ದವು. ಸೆರಗಿನ ಮರೆಯಿಂದ ಒಂದು ಕೈ ಮಾತ್ರ ಹೊರಗೆ ಬಂದು, ಯಾರಿಗೂ ಕಾಣದ ಹಾಗೆ, ಸುಮ್ಮನಿರಿ ಎಂದು ಭಾಸ್ಕರನಿಗೆ ಸನ್ನೆ ಮಾಡಿತು.