ಹಳದಿ ಉರಿ

"ಬೇವರ್ಸಿ, ಗ್ಯಾಸು ತಗ್ಗಿಸಲಿಕ್ಕೆ ನಿನಗೆ ಹೇಳಿದವರು ಯಾರು? ಕಾರ್ಖಾನೆ ನಿನ್ನ ಅಪ್ಪನದ್ದಾ?"

ಮ್ಯಾನೇಜರ್ ಮೌರಿಸ್ ಬಾಯ್ಲರ್ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಬಾಯ್ಲರ್ ನೋಡಿಕೊಳ್ಳುವ ಇನಾಸ್ ಮಂಡಿಯೂರಿ ಬರ್ನರಿನ ಗಾಜಿನ ಕಿಂಡಿಗೆ ಕಣ್ಣಿಟ್ಟವನು ಏಳಲಿಲ್ಲ. ಒಳಗೆ ಉರಿ ನೀಲಿಯಾಗಿ, ಅಲುಗದೆ ನಿಂತಿತ್ತು. ಗಾಳಿ ಊದುವ ಫ್ಯಾನು ಸವೆದು ಅರ್ಧ ವೇಗಕ್ಕೆ ಇಳಿದು ವಾರವಾಗಿತ್ತು. ಇದ್ದ ಗಾಳಿಗೆ ತಕ್ಕಷ್ಟೇ ಗ್ಯಾಸು ಬಿಡಬೇಕು. ಹೆಚ್ಚಾದರೆ ಉರಿ ಹಳದಿಯಾಗಿ ಮಸಿ ಕಕ್ಕುತ್ತದೆ, ಕಣ್ಣಿಗೆ ಕಾಣದ ವಿಷ ಹುಟ್ಟುತ್ತದೆ. ಹನ್ನೊಂದು ವರ್ಷ ಬೆಂಕಿಯೆದುರು ಕೂತವನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಹೊಸ ಫ್ಯಾನು ಬರುವ ತನಕ ಆವಿ ಇಷ್ಟೇ ಎಂದು ಅವನು ಹೇಳಿದ. ಮೌರಿಸ್ ಕಾಲಿನಿಂದ ಅವನನ್ನು ಪಕ್ಕಕ್ಕೆ ತಳ್ಳಿ, ತಾನೇ ಬಗ್ಗಿ ವಾಲ್ವು ಪೂರ್ತಿ ತಿರುಗಿಸಿದ. ಕಿಂಡಿ ಹಳದಿಯಾಯಿತು. ಇನ್ನು ಯಾರೂ ಮುಟ್ಟದಂತೆ ವಾಚ್‌ಮನ್‌ನನ್ನು ಅಲ್ಲೇ ಕಾವಲಿಟ್ಟ.

ಗೋಡೆಯಾಚೆ ನಲವತ್ತು ಹೆಂಗಸರು ಮಲ್ಪೆಯಿಂದ ಬಂದ ಬಂಗುಡೆ ಮೀನನ್ನು ಡಬ್ಬಿಗೆ ತುಂಬುತ್ತಿದ್ದರು. ಬಾಯ್ಲರಿನ ಹೊಗೆಕೊಳವೆಯಲ್ಲಿ ಒಂದು ಬಿರುಕಿತ್ತು, ಹೊಗೆ ಸೋರುತ್ತಿದ್ದದ್ದು ಆ ಕಡೆಗೇ. ಮೂರನೇ ದಿನ, ತಲೆ ಸಿಡಿಯುತ್ತದೆ ಎನ್ನುತ್ತಲೇ ಅವರಲ್ಲೊಬ್ಬಳಾದ ಜುಬೈದಾ ಮೀನಿನ ರಾಶಿಯ ಮೇಲೆ ಕುಸಿದಳು. ಮಣಿಪಾಲದ ಆಸ್ಪತ್ರೆಯಲ್ಲಿ ಉಸಿರು ಮರಳಿತು. ಮಾತು ಮರಳಲಿಲ್ಲ.

ಆ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಮೌರಿಸ್ ಕಾಪುವಿನಲ್ಲಿದ್ದ ಇನಾಸನ ಮನೆಗೆ ಬಂದ. ಇನಾಸನ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು ಅವನೇ. ಕೊಂಕಣಿಯಲ್ಲಿ ಮೆತ್ತಗೆ ಮಾತಾಡಿದ. ಜುಬೈದಾಳ ಹೆಸರೆತ್ತಿ ಕಣ್ಣೊರೆಸಿಕೊಂಡ. ಫ್ಯಾನಿನ ಬಗ್ಗೆ ಕಾರ್ಖಾನೆ ಇನ್‌ಸ್ಪೆಕ್ಟರಿಗೆ ತಾನೇ ದೂರು ಬರೆದಿದ್ದೇನೆ, ಬಾಯ್ಲರಿನವನ ಸಹಿಯಿದ್ದರೆ ತೂಕ ಎಂದ. ಕಾಗದ ಇಂಗ್ಲಿಷಿನಲ್ಲಿತ್ತು, ಇನಾಸನಿಗೆ ಅದು ಓದಲು ಬರುತ್ತಿರಲಿಲ್ಲ. ಇನಾಸನ ಹೆಂಡತಿ ಐರಿನ್ ಮೌರಿಸನಿಗೆ ಚಾ ತಂದುಕೊಡುವಷ್ಟರಲ್ಲಿ ಸಹಿ ಬಿದ್ದಿತ್ತು.

ಗುರುವಾರ ಇನ್‌ಸ್ಪೆಕ್ಟರ್ ಬಂದು, ಕೆಲಸದವರನ್ನೆಲ್ಲ ಬಾಯ್ಲರಿನ ಮುಂದೆ ನಿಲ್ಲಿಸಿ ಅದೇ ಕಾಗದ ಬಿಡಿಸಿದ.

"ಮ್ಯಾನೇಜರ್ ಬೇಡ ಅಂದರೂ ಗ್ಯಾಸು ಹೆಚ್ಚಿಸಿದ್ದು ನಾನೇ, ತಪ್ಪು ನನ್ನದೇ ಅಂತ ಉಂಟು ಇದರಲ್ಲಿ. ಸಹಿ ನಿನ್ನದೇ ಅಲ್ವಾ?"

ಇನಾಸ್ ಮೌರಿಸನ ಕಡೆ ನೋಡಿದ. ಮೌರಿಸ್ ಚಿಮಣಿ ನೋಡುತ್ತಿದ್ದ.

"ಸಹಿ ನನ್ನದೇ ಸಾರ್. ಉರಿ ಇವತ್ತೂ ಹಳದಿ ಉಂಟು. ಒಮ್ಮೆ ಬಗ್ಗಿ ನೋಡಿ."

ಇನ್‌ಸ್ಪೆಕ್ಟರ್ ತನ್ನ ಬಿಳಿ ಪ್ಯಾಂಟು ನೋಡಿಕೊಂಡು ನಿಂತಲ್ಲೇ ನಿಂತ.

ಇನಾಸ್ ಗ್ಯಾಸಿನ ದೊಡ್ಡ ಕೊಳವೆಯ ಬಳಿ ಹೋಗಿ ಮುಖ್ಯ ವಾಲ್ವು ಮುಚ್ಚಿದ. ಉರಿ ನಂದಿತು. ನಟ್ಟು ಬಿಚ್ಚಿ, ವಾಲ್ವಿನ ಕಬ್ಬಿಣದ ಚಕ್ರವನ್ನು ಕಿತ್ತು ಕೈಯಲ್ಲಿ ಹಿಡಿದ. ಅದಿಲ್ಲದೆ ಯಾರೂ ಮತ್ತೆ ಗ್ಯಾಸು ಬಿಡುವಂತಿರಲಿಲ್ಲ. ವಾಚ್‌ಮನ್ ಅಡ್ಡ ಬರಲಿಲ್ಲ.

"ಕೊಡು ಮಾರಾಯ," ಮೌರಿಸನ ದನಿ ಮತ್ತೆ ಮೆತ್ತಗಾಯಿತು. "ಮನೆಯಲ್ಲಿ ಕೂತು ಮಾತಾಡುವ."

"ನನ್ನ ಮನೆಗೆ ನೀನು ಬಂದದ್ದು ಸಾಕು, ಹಲ್ಕಟ್ಟು ನನ್ನ ಮಗನೇ. ಮಾತಾಡುವುದಿದ್ದರೆ ಇವರೆದುರು ಮಾತಾಡು."

ಅವನು ಚಕ್ರ ಹಿಡಿದುಕೊಂಡೇ ಗೇಟು ದಾಟಿ ರಸ್ತೆಯಂಚಿಗೆ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ಡಬ್ಬಿ ತುಂಬುವ ಹೆಂಗಸರಲ್ಲಿ ಒಬ್ಬಳು ಬಂದು ಪಕ್ಕ ಕೂತಳು, ಆಮೇಲೆ ನಾಲ್ವರು, ಆಮೇಲೆ ಎಲ್ಲರೂ. ಒಳಗೆ ಇನ್‌ಸ್ಪೆಕ್ಟರ್ ಏನನ್ನೋ ಬರೆಯುತ್ತಿದ್ದ. ಮೇಜಿನ ಮೇಲೆ ಮಂಜುಗಡ್ಡೆ ಕರಗಿ, ಬಂಗುಡೆಗಳಿಗೆ ನೊಣ ಮುತ್ತತೊಡಗಿದವು.